ಸರ್ಕಾರದ ತಂತ್ರಾಂಶ, ವರ್ತಕರ ವೆಚ್ಚ

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಕೊನೆಗೊಳಿಸಿತು. ಅದಕ್ಕೂ ಮುನ್ನ 2014ರ ಏಪ್ರಿಲ್‌ನಲ್ಲಿ ವಿಂಡೋಸ್ ಎಕ್ಸ್‌ಪಿ, 2020ರ ಜನವರಿಯಲ್ಲಿ ವಿಂಡೋಸ್ 7 ಇದೇ ಹಾದಿ ಹಿಡಿದಿದ್ದವು. ಈ ಬಾರಿಯ ವ್ಯತ್ಯಾಸವೆಂದರೆ, ಮುಂದಿನ ಆವೃತ್ತಿಯಾದ ವಿಂಡೋಸ್ 11 ಹಳೆಯ ಗಣಕಯಂತ್ರಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಮತ್ತು ಇತ್ತೀಚಿನ ಪೀಳಿಗೆಯ ಪ್ರೊಸೆಸರ್ ಇರಲೇಬೇಕೆಂಬುದು ಅದರ ನಿಬಂಧನೆ. ಸೀಮಿತ ಅವಧಿಗೆ ಶುಲ್ಕ ಅಥವಾ ಷರತ್ತುಗಳ ಮೇಲೆ ಭದ್ರತಾ ವಿಸ್ತರಣೆ ದೊರೆಯುತ್ತದೆಯಾದರೂ ಅದು ಗಡುವನ್ನು ಮುಂದೂಡುತ್ತದೆಯೇ ಹೊರತು ತಪ್ಪಿಸುವುದಿಲ್ಲ. ಬಂಗಾರಪೇಟೆಯ ಸಗಟು ಮಳಿಗೆಯಲ್ಲಿ, ರಾಬರ್ಟ್‌ಸನ್‌ಪೇಟೆಯ ಔಷಧಿ ಅಂಗಡಿಯಲ್ಲಿ, ಕ್ಯಾಸಂಬಳ್ಳಿಯ ಜೆರಾಕ್ಸ್ ಅಂಗಡಿಯಲ್ಲಿ ಹತ್ತು ವರ್ಷಗಳಿಂದ ನೆಟ್ಟಗೆ ಕೆಲಸ ಮಾಡುತ್ತಿರುವ ಯಂತ್ರವು, ಅದರಲ್ಲಿ ಯಾವ ಕೆಡಕೂ ಇಲ್ಲದಿದ್ದರೂ, ಹೀಗೆ ‘ಹಳತು’ ಎನಿಸಿಕೊಂಡಿದೆ.

ವ್ಯಾಪಾರಿಯು ಯಾವ ತಂತ್ರಾಂಶ ಕೊಳ್ಳಬೇಕೆಂಬುದು ಅವನ ಸ್ವಂತ ಆಯ್ಕೆ, ಅದರಲ್ಲಿ ಸರ್ಕಾರಕ್ಕಾಗಲಿ ಶಾಲೆಗಾಗಲಿ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಸಂಬಂಧ ಇದೆ, ಅದೂ ನೇರವಾಗಿ. ಸರ್ಕಾರಿ ಕಚೇರಿಯು ಯಾವ ರೂಪದಲ್ಲಿ ನಮೂನೆಗಳನ್ನು ಕೇಳುತ್ತದೆಯೋ ಆ ರೂಪದ ತಂತ್ರಾಂಶವನ್ನೇ ವರ್ತಕನು ಇಟ್ಟುಕೊಳ್ಳಬೇಕಾಗುತ್ತದೆ. ಶಾಲೆಯು ಯಾವ ತಂತ್ರಾಂಶವನ್ನು ಕಲಿಸುತ್ತದೆಯೋ ಅದನ್ನು ಬಲ್ಲ ಗುಮಾಸ್ತನೇ ಮಾರುಕಟ್ಟೆಯಲ್ಲಿ ದೊರೆಯುತ್ತಾನೆ. ಹೀಗಿರುವಾಗ ಆಯ್ಕೆಯು ಅಂಗಡಿಯಲ್ಲಿ ನಡೆಯುವುದಲ್ಲ. ಅದು ಬಹಳ ಮೊದಲೇ ತಾಲ್ಲೂಕು ಕಚೇರಿಯಲ್ಲಿ, ಪ್ರೌಢಶಾಲೆಯ ಗಣಕ ಕೊಠಡಿಯಲ್ಲಿ ನಡೆದುಹೋಗಿರುತ್ತದೆ. ಸರ್ಕಾರ ಮತ್ತು ಶಾಲೆಗಳು ಸ್ವತಂತ್ರ ತಂತ್ರಾಂಶವನ್ನು ಅಳವಡಿಸಿಕೊಳ್ಳಬೇಕೆಂಬ ಬೇಡಿಕೆಯು ಆದ್ದರಿಂದಲೇ ಕೇವಲ ಗಣಕ ತಜ್ಞರ ಹಂಬಲವಲ್ಲ, ಅದು ವರ್ತಕರ ಮತ್ತು ಸಣ್ಣ ಕೈಗಾರಿಕೆಗಳ ಬೇಡಿಕೆಯೂ ಆಗಬೇಕು.

ಉಚಿತವೇ ಬೇರೆ, ಸ್ವತಂತ್ರವೇ ಬೇರೆ

ಮೊದಲಿಗೆ ಪದದ ಅರ್ಥ ತಿಳಿಯಾಗಬೇಕು. ಇಂಗ್ಲಿಷಿನಲ್ಲಿ ‘ಫ್ರೀ’ ಎಂಬ ಒಂದೇ ಪದವು ಬಿಟ್ಟಿಯಾಗಿ ಸಿಗುವುದನ್ನೂ ಸ್ವಾತಂತ್ರ್ಯವುಳ್ಳದ್ದನ್ನೂ ಸೂಚಿಸುವುದರಿಂದ ಗೊಂದಲ ಉಂಟಾಗಿದೆ. ಕನ್ನಡಕ್ಕೆ ಆ ತೊಂದರೆಯಿಲ್ಲ; ಉಚಿತವೇ ಬೇರೆ, ಸ್ವತಂತ್ರವೇ ಬೇರೆ. ಅಮೆರಿಕದ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಘೋಷಿಸಿ ಆರಂಭಿಸಿದ ಚಳವಳಿಯ ಪ್ರಕಾರ, ಸ್ವತಂತ್ರ ತಂತ್ರಾಂಶವೆಂದರೆ ಬಳಕೆದಾರನಿಗೆ ನಾಲ್ಕು ಹಕ್ಕುಗಳನ್ನು ನೀಡುವಂಥದು: ಯಾವುದೇ ಉದ್ದೇಶಕ್ಕೆ ಬಳಸುವ ಹಕ್ಕು, ಅದರ ಮೂಲ ಸಂಕೇತವನ್ನು ಓದಿ ಬೇಕಾದಂತೆ ಬದಲಿಸಿಕೊಳ್ಳುವ ಹಕ್ಕು, ಪ್ರತಿಗಳನ್ನು ಇತರರಿಗೆ ಕೊಡುವ ಹಕ್ಕು, ಬದಲಿಸಿದ ಪ್ರತಿಯನ್ನೂ ಹಂಚುವ ಹಕ್ಕು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಬರೆದ ಲಿನಕ್ಸ್ ಕರ್ನಲ್ ಇದಕ್ಕೆ ಸೇರಿದ ಮೇಲೆ ಪೂರ್ಣ ಪ್ರಮಾಣದ ಕಾರ್ಯಾಚರಣೆ ವ್ಯವಸ್ಥೆಯೇ ಸಿದ್ಧವಾಯಿತು. ಉಬುಂಟು, ಡೆಬಿಯನ್, ಭಾರತದ ಸಿ-ಡಾಕ್ ಸಂಸ್ಥೆಯು ರೂಪಿಸಿದ ಬಾಸ್ ಲಿನಕ್ಸ್ ಇವೆಲ್ಲ ಅದರ ರೂಪಗಳು. ಪತ್ರ ಮತ್ತು ಲೆಕ್ಕದ ಹಾಳೆಗಳಿಗೆ ಲಿಬ್ರೆಆಫೀಸ್, ಜಾಲ ವೀಕ್ಷಣೆಗೆ ಫೈರ್‌ಫಾಕ್ಸ್, ಚಿತ್ರಗಳಿಗೆ ಗಿಂಪ್ ಮತ್ತು ಇಂಕ್‌ಸ್ಕೇಪ್ ಇದೇ ಬಳಗಕ್ಕೆ ಸೇರಿದವು.

ಇವುಗಳನ್ನು ಪಡೆಯಲು ಪರವಾನಗಿ ಶುಲ್ಕವಿಲ್ಲ. ಆದರೆ ದುರಸ್ತಿ, ತರಬೇತಿ, ಅಳವಡಿಕೆಗೆ ಹಣ ಬೇಕೇ ಬೇಕು. ‘ಬಿಟ್ಟಿ’ ಎಂದು ನಂಬಿ ಹೊರಟ ಕಚೇರಿಗಳು ಅರ್ಧ ದಾರಿಯಲ್ಲಿ ನಿಂತದ್ದು ಈ ಸತ್ಯವನ್ನು ಮರೆತದ್ದರಿಂದಲೇ. ಲಾಭ ಇರುವುದು ಬೇರೆ ಕಡೆ: ಪರವಾನಗಿಗೆ ತೆತ್ತ ಹಣವು ಊರು ಬಿಟ್ಟು, ಬಹುಪಾಲು ದೇಶವನ್ನೇ ಬಿಟ್ಟು ಹೋಗುತ್ತದೆ, ಸೇವೆಗೆ ತೆತ್ತ ಹಣವು ಊರಿನಲ್ಲಿಯೇ ಇರುವ ಕೆಲಸಗಾರನ ಕೈ ಸೇರುತ್ತದೆ.

ಒಬ್ಬನೇ ಒಡೆಯನಿದ್ದರೆ

ಒಬ್ಬನೇ ಒಡೆಯನನ್ನು ನೆಚ್ಚಿದ ಬದುಕು ಹೇಗಿರುತ್ತದೆಂಬುದನ್ನು ಚಿನ್ನದ ಗಣಿ ಪ್ರದೇಶದ ವರ್ತಕರಿಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದಾಗ ಬಾಗಿಲು ಹಾಕಿದ್ದು ಗಣಿ ಮಾತ್ರವಲ್ಲ. ಗಣಿ ಕಾರ್ಮಿಕನ ಸಂಬಳವನ್ನು ನಂಬಿದ್ದ ಜವಳಿ ಅಂಗಡಿ, ಕಿರಾಣಿ ಅಂಗಡಿ, ಹೋಟೆಲುಗಳ ವಹಿವಾಟೂ ಕುಸಿಯಿತು. ಮಾರಿಕುಪ್ಪಂ, ಬಂಗಾರಪೇಟೆಗಳಿಂದ ನಿತ್ಯವೂ ಬೆಂಗಳೂರಿಗೆ ರೈಲು ಹತ್ತುವ ಜನಜಂಗುಳಿಯು ಅಂದಿನ ತೀರ್ಮಾನದ ಫಲವನ್ನು ಇಂದಿಗೂ ತೋರಿಸುತ್ತಿದೆ. ಗಣಿಯ ಆರ್ಥಿಕ ಸ್ಥಿತಿಯ ಬಗ್ಗೆ ಬೇರೆ ಬೇರೆ ಅಭಿಪ್ರಾಯಗಳಿರಬಹುದು. ತೀರ್ಮಾನವು ದೂರದಲ್ಲಿ ಆಯಿತು, ಪರಿಣಾಮವು ಇಲ್ಲಿ ಆಯಿತು ಎಂಬುದರಲ್ಲಿ ಎರಡು ಮಾತಿಲ್ಲ.

ತಂತ್ರಾಂಶದಲ್ಲಿಯೂ ಇಂಥ ತೀರ್ಮಾನಗಳು ಆಗುತ್ತವೆ. 2025ರ ಜುಲೈನಲ್ಲಿ ಐರೋಪ್ಯ ಒಕ್ಕೂಟದ ನಿರ್ಬಂಧಗಳ ಹಿನ್ನೆಲೆಯಲ್ಲಿ, ಗುಜರಾತಿನ ವಾಡಿನಾರ್‌ನಲ್ಲಿ ತೈಲ ಶುದ್ಧೀಕರಣಾಗಾರವನ್ನು ಹೊಂದಿರುವ ನಯಾರಾ ಎನರ್ಜಿ ಸಂಸ್ಥೆಗೆ ಮೈಕ್ರೋಸಾಫ್ಟ್‌ನ ಮಿಂಚಂಚೆ ಮೊದಲಾದ ಸೇವೆಗಳು ಹಠಾತ್ತನೆ ನಿಂತುಹೋದವು. ಸಂಸ್ಥೆಯು ದೆಹಲಿ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಕೆಲವೇ ದಿನಗಳಲ್ಲಿ ಸೇವೆ ಮರಳಿತು. ಹಣ ಕೊಟ್ಟು ಪಡೆದ ಸೇವೆಯನ್ನು ದೊಡ್ಡ ಸಂಸ್ಥೆಯೊಂದು ನ್ಯಾಯಾಲಯಕ್ಕೆ ಹೋಗಿ ಕೇಳಬೇಕಾಯಿತು. ಹತ್ತು ಜನ ಕೆಲಸಗಾರರಿರುವ ಲೇತ್ ಕಾರ್ಖಾನೆಗೆ ಆ ಶಕ್ತಿ ಎಲ್ಲಿಂದ ಬರಬೇಕು?

ಈ ಘಟನೆಯ ನಂತರ ಸ್ವದೇಶಿ ತಂತ್ರಾಂಶದ ಕೂಗು ಜೋರಾಯಿತು. ಸ್ವದೇಶಿಯು ಸ್ವಾಗತಾರ್ಹವೇ. ಆದರೆ ಸ್ವದೇಶಿ ತಂತ್ರಾಂಶವೆಲ್ಲ ಸ್ವತಂತ್ರ ತಂತ್ರಾಂಶವಲ್ಲ. ಒಡೆಯನು ಊರಿನವನಾದರೂ ಒಡೆಯನೇ. ನಾಳೆ ಅವನು ಬೆಲೆ ಏರಿಸಿದರೆ ಅಥವಾ ಅಂಗಡಿ ಮುಚ್ಚಿದರೆ ಕಡತಗಳು ಅವನ ಬಳಿಯೇ ಸಿಕ್ಕಿಕೊಳ್ಳುತ್ತವೆ. ಕ್ಯಾಸಂಬಳ್ಳಿಯಲ್ಲಿ ಹುಟ್ಟಿ, 1947ರಲ್ಲಿ ಮೈಸೂರಿನ ಮೊದಲ ಮುಖ್ಯಮಂತ್ರಿಯಾದ ಕೆ. ಚೆಂಗಲರಾಯ ರೆಡ್ಡಿಯವರು ಮುಂಚೂಣಿಯಲ್ಲಿ ನಿಂತ ಹೋರಾಟವು ಜವಾಬ್ದಾರಿ ಸರ್ಕಾರಕ್ಕಾಗಿ ನಡೆದದ್ದು. ಒಳ್ಳೆಯ ಅರಸನಿದ್ದರೂ ಸಾಲದು, ಆಳ್ವಿಕೆಯು ಜನರಿಗೆ ಉತ್ತರ ಹೇಳುವಂತಿರಬೇಕೆಂಬುದು ಅದರ ತಿರುಳು. ಸಾರ್ವಜನಿಕ ಕಚೇರಿಯ ತಂತ್ರಾಂಶಕ್ಕೂ ಈ ಮಾತು ಒಪ್ಪುತ್ತದೆ.

ಮುಕ್ತ ಮಾನಕದ ಪ್ರಶ್ನೆ

ಶಿವನಸಮುದ್ರದಿಂದ 1902ರಲ್ಲಿ ಚಿನ್ನದ ಗಣಿಗಳಿಗೆ ವಿದ್ಯುತ್ ಬಂದಿತು. ಬೆಂಗಳೂರು ನಗರಕ್ಕಿಂತ ಮೊದಲೇ ಬಂದಿತು. ಇಂದು ಮನೆ, ಅಂಗಡಿ, ಕಾರ್ಖಾನೆಗಳಿಗೆ ಹರಿಯುವ ವಿದ್ಯುತ್ತಿಗೆ ಒಂದು ಮಾನಕವಿದೆ. ಆ ಮಾನಕಕ್ಕೆ ಹೊಂದುವ ಯಾವ ಕಂಪನಿಯ ಮೋಟಾರನ್ನಾದರೂ ಕೊಳ್ಳಬಹುದು. ಒಂದೇ ಕಂಪನಿಯ ಮೋಟಾರು ಮಾತ್ರ ತಿರುಗುವಂಥ ವಿದ್ಯುತ್ತನ್ನು ಸರ್ಕಾರ ಪೂರೈಸಿದ್ದರೆ ವಾಣಿಜ್ಯೋದ್ಯಮ ಸಂಸ್ಥೆಗಳು ಸುಮ್ಮನಿರುತ್ತಿದ್ದವೇ? ಗಣಕದ ಕಡತಗಳ ವಿಷಯದಲ್ಲಿ ಮಾತ್ರ ಇಷ್ಟು ವರ್ಷ ಸುಮ್ಮನಿರುವಂತಾಗಿದೆ.

ಹಿಂದೆ ಅನೇಕ ಸರ್ಕಾರಿ ಜಾಲತಾಣಗಳು ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ಸರಿಯಾಗಿ ತೆರೆದುಕೊಳ್ಳುತ್ತಿದ್ದವು. ಆ ವೀಕ್ಷಕವನ್ನು ಅದರ ಕಂಪನಿಯೇ 2022ರ ಜೂನ್‌ನಲ್ಲಿ ಕೈಬಿಟ್ಟಿತು. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದ ಮೇಲೆ ವಾರ್ಷಿಕ ವಿವರಣೆಯಾದ ಜಿಎಸ್‌ಟಿಆರ್-9ಕ್ಕೆ ನೀಡಲಾದ ಆಫ್‌ಲೈನ್ ಸಲಕರಣೆಯು ಮ್ಯಾಕ್ರೋಗಳುಳ್ಳ ಎಕ್ಸೆಲ್ ಕಡತದ ರೂಪದಲ್ಲಿತ್ತು. ಅದನ್ನು ತುಂಬಬೇಕಾದ ವರ್ತಕ ಅಥವಾ ಅವನ ಲೆಕ್ಕಿಗ ಎಕ್ಸೆಲ್ ಕೊಂಡಿರಲೇಬೇಕು. ಇದಕ್ಕೆ ಬೇರೆ ದಾರಿಯಿರಲಿಲ್ಲವೆನ್ನುವಂತಿಲ್ಲ. ಆದಾಯ ತೆರಿಗೆ ಇಲಾಖೆಯು 2021ಕ್ಕೆ ಮುನ್ನ ಹಲವು ವರ್ಷ ಎಕ್ಸೆಲ್ ನಮೂನೆಯ ಜತೆಗೆ ಜಾವಾ ನಮೂನೆಯನ್ನೂ ನೀಡುತ್ತಿತ್ತು. ಅದು ಲಿನಕ್ಸ್‌ನಲ್ಲಿಯೂ ನಡೆಯುತ್ತಿತ್ತು. ಮನಸ್ಸು ಮಾಡಿದರೆ ಇಲಾಖೆಗಳಿಗೆ ಇದು ಅಸಾಧ್ಯವಲ್ಲ.

ನೀತಿಯ ಕೊರತೆಯೂ ಇಲ್ಲ. ಕೇಂದ್ರ ಸರ್ಕಾರವು ಇ-ಆಡಳಿತದಲ್ಲಿ ಮುಕ್ತ ಮಾನಕಗಳ ನೀತಿಯನ್ನು 2010ರಲ್ಲಿಯೂ, ಸರ್ಕಾರಿ ಕಚೇರಿಗಳಲ್ಲಿ ಮುಕ್ತ ಆಕರ ತಂತ್ರಾಂಶಕ್ಕೆ ಆದ್ಯತೆ ನೀಡುವ ನೀತಿಯನ್ನು 2015ರಲ್ಲಿಯೂ ಪ್ರಕಟಿಸಿದೆ. ಕಚೇರಿ ದಾಖಲೆಗಳ ಮುಕ್ತ ರೂಪವಾದ ಓಡಿಎಫ್ 2006ರಲ್ಲಿಯೇ ಅಂತರರಾಷ್ಟ್ರೀಯ ಮಾನಕವಾಯಿತು. ಕೊರತೆ ಇರುವುದು ಅನುಷ್ಠಾನದಲ್ಲಿ.

ಕನ್ನಡಕ್ಕೂ ಈ ಪಾಠ ಹೊಸದಲ್ಲ. ಯುನಿಕೋಡ್‌ಗೆ ಮೊದಲಿನ ಫಾಂಟುಗಳಲ್ಲಿ ಬೆರಳಚ್ಚಾದ ದಾಖಲೆಗಳು ಆ ಫಾಂಟು ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತಿದ್ದವು. ಒಂದು ಕಚೇರಿಯ ಕನ್ನಡ ಪತ್ರವನ್ನು ಇನ್ನೊಂದು ಕಚೇರಿ ಓದಲಾಗದ ಸ್ಥಿತಿಯಿತ್ತು. ಎಲ್ಲರೂ ಒಪ್ಪಿದ ಯುನಿಕೋಡ್ ಮಾನಕವು ಬಳಕೆಗೆ ಬಂದ ಮೇಲೆ ಕನ್ನಡವು ಯಾವ ಯಂತ್ರದಲ್ಲಾದರೂ, ಮೊಬೈಲ್ ಫೋನಿನಲ್ಲಾದರೂ ಓದಲು ಬರುವಂತಾಯಿತು. ಹಳೆಯ ಕಡತಗಳನ್ನು ಹೊಸ ರೂಪಕ್ಕೆ ತರುವ ಪರಿವರ್ತಕಗಳನ್ನು ಬರೆದು ಹಂಚಿದವರಲ್ಲಿ ಸ್ವಯಂಸೇವಕರೂ ಇದ್ದಾರೆ. ಗಡಿನಾಡಾದ ಈ ಭಾಗದಲ್ಲಿ ಕನ್ನಡದ ಜತೆಗೆ ತೆಲುಗು, ತಮಿಳುಗಳೂ ವ್ಯಾಪಾರದ ಭಾಷೆಗಳು. ಲಿಬ್ರೆಆಫೀಸ್, ಫೈರ್‌ಫಾಕ್ಸ್‌ಗಳು ಮೂರು ಭಾಷೆಗಳಲ್ಲಿಯೂ ದೊರೆಯುತ್ತವೆ; ಯಾವ ಭಾಷೆಗೂ ಪ್ರತ್ಯೇಕ ಶುಲ್ಕವಿಲ್ಲ.

ಶಾಲೆಯಿಂದ ಅಂಗಡಿಗೆ

ಶಾಲೆಗಳ ವಿಷಯದಲ್ಲಿ ದಾರಿ ತೋರಿರುವುದು ನೆರೆಯ ಕೇರಳ. 2001ರ ಹೊತ್ತಿಗೆ ಆರಂಭವಾದ ‘ಐಟಿ ಅಟ್ ಸ್ಕೂಲ್’ ಯೋಜನೆಯು ಹಂತಹಂತವಾಗಿ ಸ್ವತಂತ್ರ ತಂತ್ರಾಂಶಕ್ಕೆ ಹೊರಳಿತು. 2008ರ ಹೊತ್ತಿಗೆ ಹತ್ತನೆಯ ತರಗತಿಯ ಮಾಹಿತಿ ತಂತ್ರಜ್ಞಾನ ಪರೀಕ್ಷೆಯು ಪೂರ್ಣವಾಗಿ ಅದರಲ್ಲಿಯೇ ನಡೆಯುವಂತಾಯಿತು. ಆ ಯೋಜನೆಯು ಈಗ ‘ಕೈಟ್’ ಎಂಬ ಸರ್ಕಾರಿ ಸಂಸ್ಥೆಯಾಗಿದೆ. 2019ರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಶಾಲಾ ಗಣಕಯಂತ್ರಗಳಿಗೆ ತನ್ನದೇ ಲಿನಕ್ಸ್ ಆವೃತ್ತಿಯನ್ನು ಹಂಚಿದಾಗ, ಇದರಿಂದ ಸುಮಾರು 3,000 ಕೋಟಿ ರೂಪಾಯಿಗಳ ಪರವಾನಗಿ ವೆಚ್ಚ ಉಳಿಯುತ್ತದೆಂದು ಆ ಸಂಸ್ಥೆಯು ಅಂದಾಜಿಸಿತು. ಅಂದಾಜು ಅವರದೇ ಆದ್ದರಿಂದ ಸ್ವಲ್ಪ ಕಡಿಮೆ ಮಾಡಿಯೇ ಓದಿಕೊಂಡರೂ ಉಳಿತಾಯವು ಸಣ್ಣದಲ್ಲ.

ಕನ್ನಡಿಗರು ಗಮನಿಸಬೇಕಾದ ಸಂಗತಿಯೊಂದು ಇಲ್ಲಿದೆ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳೂ ಇದೇ ವ್ಯವಸ್ಥೆಯಲ್ಲಿ, ಕನ್ನಡದಲ್ಲಿಯೇ ಅಚ್ಚಾದ ಪಠ್ಯಪುಸ್ತಕದ ಸಹಾಯದಿಂದ ಗಣಕವನ್ನು ಕಲಿಯುತ್ತಾರೆ. ಕನ್ನಡದ ಮಕ್ಕಳಿಗೆ ಇದು ಕಷ್ಟವೆಂಬ ವಾದಕ್ಕೆ ಅವರೇ ಉತ್ತರ.

ಕರ್ನಾಟಕದಲ್ಲಿಯೂ ಪ್ರಯತ್ನಗಳು ನಡೆದಿವೆ. ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆಯು ಶಿಕ್ಷಣ ಇಲಾಖೆಯೊಡನೆ ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ಕಾರ್ಯಕ್ರಮದಲ್ಲಿ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರು ಉಬುಂಟು ಹಾಗೂ ಜಿಯೋಜೀಬ್ರಾದಂಥ ತಂತ್ರಾಂಶಗಳಲ್ಲಿ ತರಬೇತಿ ಪಡೆದರು. 2025ರ ನವೆಂಬರ್‌ನಲ್ಲಿ ಬೆಂಗಳೂರು ಟೆಕ್ ಶೃಂಗಸಭೆಯಲ್ಲಿ ಕಿಯೋನಿಕ್ಸ್ ಮೂಲಕ ರಾಜ್ಯ ಸರ್ಕಾರವು ಬಿಡುಗಡೆ ಮಾಡಿದ ‘ಕಿಯೋ’ ಎಂಬ ಅಗ್ಗದ ಗಣಕಯಂತ್ರವು ಲಿನಕ್ಸ್ ಆಧಾರಿತವಾದದ್ದು. ಬಿಡುಗಡೆಯಾದಾಗ ಅದರ ಬೆಲೆ 18,999 ರೂಪಾಯಿ ಇತ್ತು. ಯಂತ್ರ ಬಿಡುಗಡೆಯಾದರಷ್ಟೇ ಸಾಲದು. ಪಠ್ಯಕ್ರಮ, ಶಿಕ್ಷಕ ಮತ್ತು ದುರಸ್ತಿಯವನು ಅದರೊಡನೆ ಹೊರಡದಿದ್ದರೆ ಅದು ಕೊಠಡಿಯ ಮೂಲೆಯಲ್ಲಿ ಧೂಳು ಹಿಡಿಯುವುದು ಖಚಿತ. ಕೇರಳದಲ್ಲಿ ಗೆದ್ದದ್ದು ಯಂತ್ರವಲ್ಲ, ಶಿಕ್ಷಕ ತರಬೇತಿ.

ಶಾಲೆಯಲ್ಲಿ ಒಂದೇ ಕಂಪನಿಯ ತಂತ್ರಾಂಶವನ್ನು ಕಲಿಸಿದರೆ ಆಗುವ ನಷ್ಟವು ಅಂಗಡಿಯಲ್ಲಿ ಕಾಣುತ್ತದೆ. ಕಲಿತು ಬಂದ ಹುಡುಗನಿಗೆ ಅದೇ ಬೇಕು, ಕಚೇರಿಯೂ ಅದನ್ನೇ ಕೇಳುತ್ತದೆ, ವರ್ತಕನಿಗೆ ಅದರ ಬೆಲೆ ಭಾರ. ಆಗ ಬೀದಿಯ ಕೊನೆಯ ಗಣಕ ಅಂಗಡಿಯವನು ಕದ್ದ ಪ್ರತಿಯೊಂದನ್ನು ಹಾಕಿಕೊಡುತ್ತಾನೆ. ಇದು ಎಲ್ಲರೂ ಬಲ್ಲ ಗುಟ್ಟು. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಪ್ರಕರಣದಂತೆ, ಕದ್ದ ಪ್ರತಿಯೆಂದು ತಿಳಿದೂ ಗಣಕದಲ್ಲಿ ಬಳಸುವವನಿಗೆ ಏಳು ದಿನಗಳಿಂದ ಮೂರು ವರ್ಷಗಳವರೆಗೆ ಸೆರೆವಾಸ, 50 ಸಾವಿರದಿಂದ ಎರಡು ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ವ್ಯಾಪಾರಕ್ಕಾಗಿ ಬಳಸದವರಿಗೆ ಕಾಯ್ದೆಯು ರಿಯಾಯಿತಿಗೆ ಅವಕಾಶ ಕೊಡುತ್ತದೆ; ವರ್ತಕನಿಗೆ ಆ ರಿಯಾಯಿತಿಯೂ ಇಲ್ಲ. ಇದಲ್ಲದೆ ಕದ್ದ ಪ್ರತಿಗಳ ಮೂಲಕ ನುಸುಳುವ ವೈರಸ್ಸುಗಳು ಲೆಕ್ಕಪತ್ರಗಳನ್ನೇ ಒತ್ತೆಯಿಟ್ಟುಕೊಳ್ಳುವ ಅಪಾಯ ಬೇರೆ. ಸರ್ಕಾರವೇ ಕಲಿಸಿ, ಸರ್ಕಾರವೇ ಕೇಳಿ, ಕೊಳ್ಳಲಾಗದವನನ್ನು ಸರ್ಕಾರದ ಕಾಯ್ದೆಯೇ ಅಪರಾಧಿಯನ್ನಾಗಿಸುವ ಈ ಸರಪಳಿಯ ಮೊದಲ ಕೊಂಡಿಯು ಶಾಲೆಯಲ್ಲಿದೆ. ಬಿಚ್ಚಬೇಕಾದದ್ದೂ ಅಲ್ಲಿಂದಲೇ.

ಅಡೆತಡೆಗಳು

ಎದುರು ವಾದಗಳನ್ನು ಕಡೆಗಣಿಸುವುದು ನ್ಯಾಯವಲ್ಲ. ವರ್ತಕರು ಕೇಳುವ ಮೊದಲ ಪ್ರಶ್ನೆ, ಟ್ಯಾಲಿಯ ಗತಿಯೇನು ಎಂಬುದು. ಬೆಂಗಳೂರಿನ ಈ ಲೆಕ್ಕ ತಂತ್ರಾಂಶವು ದೇಶದ ಸಣ್ಣ ವ್ಯಾಪಾರದ ಬೆನ್ನೆಲುಬಾಗಿದೆ. ಅದು ಸ್ವತಂತ್ರ ತಂತ್ರಾಂಶವಲ್ಲ, ವಿಂಡೋಸ್‌ಗಾಗಿಯೇ ರೂಪಿತವಾದದ್ದು. ಟ್ಯಾಲಿ ನಡೆಯುವ ಒಂದು ಯಂತ್ರವನ್ನು ಹಾಗೆಯೇ ಉಳಿಸಿಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಪತ್ರ ಬರೆಯುವ, ದರಪಟ್ಟಿ ತಯಾರಿಸುವ, ಮಿಂಚಂಚೆ ನೋಡುವ ಉಳಿದ ಯಂತ್ರಗಳಿಗೆ ಆ ಕಟ್ಟುಪಾಡಿಲ್ಲ. ಮುಂಬಯಿಯ ಫ್ರಾಪೆ ಸಂಸ್ಥೆಯು ರೂಪಿಸಿದ ಇಆರ್‌ಪಿನೆಕ್ಸ್ಟ್ ಎಂಬ ಸ್ವತಂತ್ರ ತಂತ್ರಾಂಶವು ದಾಸ್ತಾನು, ಉತ್ಪಾದನೆ, ಲೆಕ್ಕಪತ್ರ ಮೂರನ್ನೂ ಒಟ್ಟಿಗೆ ನೋಡಿಕೊಳ್ಳಬಲ್ಲದು. ಜಿಎಸ್‌ಟಿಗೆ ಬೇಕಾದ ಸೌಲಭ್ಯಗಳೂ ಅದಕ್ಕಿವೆ. ಸಣ್ಣ ಕಾರ್ಖಾನೆಗಳು ಅದನ್ನು ಪರೀಕ್ಷಿಸಿ ನೋಡಬಹುದು.

ಎರಡನೆಯದು ಜರ್ಮನಿಯ ಮ್ಯೂನಿಕ್ ನಗರದ ಉದಾಹರಣೆ. ಅಲ್ಲಿನ ನಗರಾಡಳಿತವು 2003ರಲ್ಲಿ ಲಿನಕ್ಸ್‌ಗೆ ಹೋಗಲು ನಿರ್ಧರಿಸಿ, 2013ರ ವೇಳೆಗೆ ಸುಮಾರು 15,000 ಯಂತ್ರಗಳನ್ನು ಬದಲಿಸಿತು. 2017ರಲ್ಲಿ ಮತ್ತೆ ವಿಂಡೋಸ್‌ಗೆ ಮರಳುವ ನಿರ್ಣಯ ಕೈಗೊಂಡಿತು. ಹೊರಗಿನ ಕಚೇರಿಗಳು ಬೇರೆ ರೂಪದ ಕಡತಗಳನ್ನೇ ಕಳುಹಿಸುತ್ತಿರುವಾಗ ಒಂದು ನಗರ ಒಂಟಿಯಾಗಿ ಬದಲಾಗುವುದು ಎಷ್ಟು ಕಷ್ಟವೆಂಬುದನ್ನು ಇದು ತೋರಿಸುತ್ತದೆ. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 2020ರಲ್ಲಿ ಅದೇ ನಗರದ ಹೊಸ ಆಡಳಿತವು ಸಾಧ್ಯವಿರುವ ಕಡೆಯೆಲ್ಲ ಮುಕ್ತ ತಂತ್ರಾಂಶವನ್ನೇ ಬಳಸುವುದಾಗಿ ಹೇಳಿತು. 2024ರಲ್ಲಿ ಜರ್ಮನಿಯ ಶ್ಲೆಸ್‌ವಿಗ್-ಹೋಲ್‌ಸ್ಟೈನ್ ರಾಜ್ಯವು ಸುಮಾರು 30,000 ಸರ್ಕಾರಿ ಗಣಕಯಂತ್ರಗಳನ್ನು ಲಿಬ್ರೆಆಫೀಸ್‌ಗೂ ಮುಂದೆ ಲಿನಕ್ಸ್‌ಗೂ ಒಯ್ಯುವ ತೀರ್ಮಾನ ಪ್ರಕಟಿಸಿತು. ಮೊದಲು ಕಡತದ ರೂಪ, ಆಮೇಲೆ ಕಚೇರಿ ತಂತ್ರಾಂಶ, ಕೊನೆಗೆ ಕಾರ್ಯಾಚರಣೆ ವ್ಯವಸ್ಥೆ ಎಂಬ ಕ್ರಮದಲ್ಲಿ ಹೋಗುವುದೇ ಕ್ಷೇಮವೆಂಬುದು ಈ ಎರಡು ಉದಾಹರಣೆಗಳಿಂದ ಕಲಿಯಬೇಕಾದ ಪಾಠ.

ಮೂರನೆಯ ತೊಡಕು, ತಾಲ್ಲೂಕು ಮಟ್ಟದಲ್ಲಿ ಲಿನಕ್ಸ್ ಬಲ್ಲ ದುರಸ್ತಿಗಾರರ ಅಭಾವ. ಇದು ನಿಜವಾದ ತೊಡಕು. ಒಂದು ಅವಕಾಶವೂ ಹೌದು. ಊರಿಗಾಂನಲ್ಲಿ ಡಾ. ಟಿ. ತಿಮ್ಮಯ್ಯ ತಾಂತ್ರಿಕ ಮಹಾವಿದ್ಯಾಲಯವಿದೆ. ಕೋಲಾರದಲ್ಲಿಯೂ ತಾಂತ್ರಿಕ ಶಿಕ್ಷಣದ ವ್ಯವಸ್ಥೆಯಿದೆ. ಬೆಂಗಳೂರಿನ ಸ್ವತಂತ್ರ ತಂತ್ರಾಂಶ ಆಂದೋಲನ ಕರ್ನಾಟಕ ಸಂಘಟನೆಯು ಕಾಲೇಜು ವಿದ್ಯಾರ್ಥಿಗಳಿಗೆ ಶಿಬಿರಗಳನ್ನು ನಡೆಸುತ್ತ ಬಂದಿದೆ. ಮುಂಜಾನೆಯ ರೈಲು ಹಿಡಿಯುವ ತರುಣರಲ್ಲಿ ಕೆಲವರಿಗಾದರೂ ಈ ಸೇವೆಯು ಊರಿನಲ್ಲಿಯೇ ಜೀವನೋಪಾಯವಾಗಬಲ್ಲದು. ಬೇಡಿಕೆ ಹುಟ್ಟದೆ ಕೆಲಸಗಾರ ಹುಟ್ಟುವುದಿಲ್ಲ. ಆ ಬೇಡಿಕೆಯನ್ನು ಮೊದಲು ಹುಟ್ಟಿಸಬಲ್ಲದ್ದು ಸರ್ಕಾರ ಮತ್ತು ಶಾಲೆ.

ಆಗಬೇಕಾದದ್ದು

ವಾಣಿಜ್ಯೋದ್ಯಮ ಸಂಸ್ಥೆಗಳು ಜಿಲ್ಲಾಡಳಿತದ ಮುಂದೆ ಇಡಬಹುದಾದ ಬೇಡಿಕೆಗಳು ಸರಳವಾಗಿವೆ. ಟೆಂಡರು, ಅರ್ಜಿ, ವಿವರಣೆ ಯಾವುದೇ ಆಗಲಿ, ಮುಕ್ತ ರೂಪದಲ್ಲಿ ಸ್ವೀಕರಿಸಬೇಕು. ನಿರ್ದಿಷ್ಟ ಕಂಪನಿಯ ತಂತ್ರಾಂಶವಿದ್ದರೆ ಮಾತ್ರ ತುಂಬಬಹುದಾದ ನಮೂನೆಯನ್ನು ಯಾವ ಇಲಾಖೆಯೂ ಹೊರಡಿಸಬಾರದು. ಶಾಲೆಗಳಿಗೆ ಗಣಕಯಂತ್ರ ಕೊಳ್ಳುವಾಗ ಕಂಪನಿಯ ಹೆಸರನ್ನಲ್ಲ, ಬೇಕಾದ ಕೆಲಸವನ್ನು ಟೆಂಡರಿನಲ್ಲಿ ನಮೂದಿಸಬೇಕು. ವಿಂಡೋಸ್ 10ರ ಗಡುವಿನಿಂದ ಮೂಲೆಗೆ ಸೇರಲಿರುವ ಕಚೇರಿಯ ಯಂತ್ರಗಳನ್ನು ಗುಜರಿಗೆ ಹಾಕುವ ಮೊದಲು ಅವುಗಳಿಗೆ ಲಿನಕ್ಸ್ ಅಳವಡಿಸಿ ಹೋಬಳಿ ಮಟ್ಟದ ಶಾಲೆಗಳಿಗೆ ಕೊಡಬೇಕು. ಪರವಾನಗಿಯಲ್ಲಿ ಉಳಿದ ಹಣದ ಒಂದು ಪಾಲನ್ನು ಶಿಕ್ಷಕರ ತರಬೇತಿಗೆ ಮೀಸಲಿಡಬೇಕು.

ಬೇಡಿಕೆ ಇಡುವವರು ತಾವೂ ಒಂದು ಹೆಜ್ಜೆ ಇಟ್ಟಿರಬೇಕಾದದ್ದು ಧರ್ಮ. ಅಂಗಡಿಯ ಒಂದು ಯಂತ್ರದಲ್ಲಿ ಲಿಬ್ರೆಆಫೀಸ್ ಹಾಕಿಸಿ ಮೂರು ತಿಂಗಳು ದರಪಟ್ಟಿ, ಪತ್ರವ್ಯವಹಾರಗಳನ್ನು ಅದರಲ್ಲಿಯೇ ನಡೆಸಿ ನೋಡುವುದಕ್ಕೆ ಯಾವ ಬಂಡವಾಳವೂ ಬೇಡ; ಅದು ವಿಂಡೋಸ್‌ನಲ್ಲಿಯೂ ನಡೆಯುತ್ತದೆ. ಎಲ್ಲಿ ತೊಡಕಾಯಿತು, ಯಾವ ಇಲಾಖೆಯ ಯಾವ ನಮೂನೆ ತೆರೆಯಲಿಲ್ಲ ಎಂಬುದನ್ನು ಗುರುತು ಹಾಕಿಕೊಂಡು ಸಂಘದ ಕಚೇರಿಗೆ ತಲುಪಿಸಿದರೆ, ಜಿಲ್ಲಾಧಿಕಾರಿಗಳ ಮುಂದೆ ಇಡುವ ಮನವಿಗೆ ಅದಕ್ಕಿಂತ ಗಟ್ಟಿಯಾದ ಆಧಾರ ಬೇರೊಂದಿಲ್ಲ. ಸರಕನ್ನು ತೂಗಿ ನೋಡದೆ ಕೊಳ್ಳುವ ವರ್ತಕನಿಲ್ಲ. ತಂತ್ರಾಂಶವನ್ನೂ ಹಾಗೆಯೇ ತೂಗಿ ಕೊಳ್ಳುವಂತೆ ಸರ್ಕಾರವನ್ನು ಕೇಳುವ ಹಕ್ಕು ತೆರಿಗೆ ಕಟ್ಟುವವನಿಗಿದೆ.